ಮ್ಯೂ ಇಎಕ್ಸ್ ಮತ್ತೆ ಅಟ್ಯಾಕ್ ಕಾಪಿ ಹೊಡೆಯೋ ಕಾರ್ಡ್‌ಗಳು: ಪದೇ ಪದೇ ಕೇಳೋ ಪ್ರಶ್ನೆಗಳು

ಪೋಕೆಮಾನ್ ಕಾರ್ಡ್ ಗೇಮ್ ಆಡೋರು ನಾಲ್ಕು ಜನ ಸೇರಿದ್ರೆ ಮಾತು ಸುತ್ತಿ ಬಳಸಿ ಮ್ಯೂ ಹತ್ರ ಬಂದೇ ಬರುತ್ತೆ, ಬಂದಾಗೆಲ್ಲ ಅದೇ ಹತ್ತು ಹದಿನೈದು ಪ್ರಶ್ನೆ. ಪ್ರತಿ ಸಲ ಹೇಳಿದ್ದನ್ನೇ ಹೇಳೋ ಬದಲು ಒಂದೇ ಕಡೆ ಬರೆದಿಟ್ಟಿದ್ದೀನಿ. ಹೊಸಬರು ಮೇಲಿಂದ ಓದಿ, ಆಡಿ ಅಭ್ಯಾಸ ಇರೋರು ನೇರ ಕೆಳಗೆ ಹೋಗಿ.

## ಮೊದಲನೇ ಸಲ ಕಾರ್ಡ್ ಕೈಗೆ ತಗೊಂಡೋರಿಗೆ

ಈ ಮ್ಯೂ ಇಎಕ್ಸ್ ಅಂದ್ರೆ ಏನು, ಯಾಕಿಷ್ಟು ಮಾತಾಡ್ತಾರೆ ಅದರ ಬಗ್ಗೆ?

2023ರಲ್ಲಿ ಬಂದ 151 ಸೆಟ್‌ನ ಕಾರ್ಡ್ ಇದು. ಸೈಕಿಕ್ ಟೈಪ್, ಬೇಸಿಕ್ (ಅಂದ್ರೆ ಇನ್ನೊಂದರಿಂದ ಬೆಳೆಸದೆ ನೇರ ಇಳಿಸೋದು), 180 ಎಚ್‌ಪಿ (ಅಷ್ಟು ಡ್ಯಾಮೇಜ್ ಬಿದ್ರೆ ನಾಕೌಟ್, ಅಂದ್ರೆ ಸಾಯುತ್ತೆ). ಅದರ ಅಟ್ಯಾಕ್ ಹೆಸರು ಜೀನೋಮ್ ಹ್ಯಾಕಿಂಗ್, ಯಾವ ಬಣ್ಣದ್ದಾದ್ರೂ ಸರಿ ಮೂರು ಎನರ್ಜಿ (ಅಟ್ಯಾಕ್ ಮಾಡೋಕೆ ಪೋಕೆಮಾನ್‌ಗೆ ಅಂಟಿಸೋ ಕಾರ್ಡ್) ಇದ್ರೆ ಸಾಕು, ಎದುರಾಳಿಯ ಆಕ್ಟಿವ್ (ಮುಂದೆ ನಿಂತು ಹೊಡೆದಾಡೋ) ಪೋಕೆಮಾನ್‌ಗೆ ಇರೋ ಅಟ್ಯಾಕ್‌ಗಳಲ್ಲಿ ಒಂದನ್ನ ಆರಿಸಿಕೊಂಡು ಅದನ್ನೇ ನಾವು ಹೊಡೀಬಹುದು. ಜೊತೆಗೆ ರೀಸ್ಟಾರ್ಟ್ ಅಂತ ಒಂದು ಎಬಿಲಿಟಿ (ಅಟ್ಯಾಕ್ ಅಲ್ಲದ ವಿಶೇಷ ಶಕ್ತಿ), ಟರ್ನ್‌ಗೆ ಒಂದು ಸಲ ಕೈಯಲ್ಲಿ 3 ಕಾರ್ಡ್ ಆಗೋವರೆಗೂ ಎಳ್ಕೋಬಹುದು. ರಿಟ್ರೀಟ್‌ಗೆ (ಮುಂದಿಂದ ಬೆಂಚ್‌ಗೆ, ಅಂದ್ರೆ ಹಿಂದಿನ ಸಾಲಿಗೆ, ಹೋಗೋಕೆ) ಎನರ್ಜಿನೇ ಬೇಡ, ಪುಕ್ಕಟೆ. ನನ್ನ ಕೇಳಿದ್ರೆ ಬರೀ ಕೊನೆಯ ಎರಡಕ್ಕೇ ಡೆಕ್‌ನಲ್ಲಿ ಒಂದು ಜಾಗ ಕೊಡಬಹುದು, ಕಾಪಿ ಹೊಡೆಯೋದು ಅದರ ಮೇಲೆ ಸಿಕ್ಕ ಲಾಭ.

ಕಾಪಿ ಮಾಡೋ ಅಟ್ಯಾಕ್‌ಗೆ ಬೇಕಾದ ಎನರ್ಜಿನೂ ನನ್ನ ಹತ್ರ ಇರಬೇಕಾ?

ಬೇಡ. "ಈ ಅಟ್ಯಾಕ್ ಆಗಿ ಬಳಸಿ" ಅಂತ ಅರ್ಥ ಬರೋ ಹಾಗೆ ಕಾರ್ಡ್ ಮೇಲೆ ಬರೆದಿದ್ರೆ ಮ್ಯೂ ಕೊಡಬೇಕಾದ್ದು ತನ್ನ ಮೂರು ಎನರ್ಜಿ ಮಾತ್ರ, ಎದುರಿನ ಅಟ್ಯಾಕ್‌ನ ಬಣ್ಣ ಯಾವುದು, ಎಷ್ಟು ಬೇಕು ಅನ್ನೋದೆಲ್ಲ ಲೆಕ್ಕಕ್ಕೆ ಇಲ್ಲ.

ಆದ್ರೆ ಎಲ್ಲಾ ಕಾಪಿ ಕಾರ್ಡೂ ಹೀಗೇ ಅಲ್ಲ. 2012ರ ಡ್ರಾಗನ್ಸ್ ಎಕ್ಸಾಲ್ಟೆಡ್ ಸೆಟ್‌ನಲ್ಲಿ ಬಂದಿತ್ತಲ್ಲ ಇಎಕ್ಸ್ ಅನ್ನೋದು ಇಂಗ್ಲಿಷ್ ದೊಡ್ಡಕ್ಷರದಲ್ಲಿರೋ ಮ್ಯೂ-ಇಎಕ್ಸ್, 120 ಎಚ್‌ಪಿದು, ಅದಕ್ಕೆ ವರ್ಸಟೈಲ್ ಅಂತ ಎಬಿಲಿಟಿ, ಆಟದಲ್ಲಿರೋ ಯಾವ ಪೋಕೆಮಾನ್ ಅಟ್ಯಾಕ್ ಬೇಕಾದ್ರೂ ಹೊಡೀಬಹುದು, ನಮ್ಮದಾದ್ರೂ ಸರಿ ಅವರದಾದ್ರೂ ಸರಿ, ಆದ್ರೆ ಎನರ್ಜಿ ಮಾತ್ರ ಆ ಅಟ್ಯಾಕ್ ಕೇಳಿದಷ್ಟೂ ಇರಲೇಬೇಕು. ಇವೆರಡನ್ನ ಗೊಂದಲ ಮಾಡ್ಕೊಂಡು ಟೇಬಲ್ ಮೇಲೆ ಜಗಳ ಆಡಿದವರನ್ನ ಎಷ್ಟೋ ಜನರನ್ನ ನೋಡಿದ್ದೀನಿ.

ಎಬಿಲಿಟಿನೂ ಕಾಪಿ ಆಗುತ್ತಾ?

ಇಲ್ಲ, ಅಟ್ಯಾಕ್ ಮಾತ್ರ.

ಇಂಥ ಕಾರ್ಡ್ ಹೊಸದಾ, ಮುಂಚೆನೂ ಇತ್ತಾ?

ಆಟ ಶುರುವಾದಾಗಿಂದ ಇದೆ. ಬೇಸ್ ಸೆಟ್‌ನ ಕ್ಲೆಫೇರಿಗೆ ಮೆಟ್ರೊನೋಮ್ ಇತ್ತು, ಮೂರು ಎನರ್ಜಿಗೆ. ಆಮೇಲೆ 1999ರ ಜಂಗಲ್ ಸೆಟ್‌ನಲ್ಲಿ ಕ್ಲೆಫೇಬಲ್ ಬಂತು, ಅದೇ ಮೆಟ್ರೊನೋಮ್ ಒಂದೇ ಒಂದು ಎನರ್ಜಿಗೆ! 2011ರ ಬ್ಲ್ಯಾಕ್ ಅಂಡ್ ವೈಟ್ ಸೆಟ್‌ನ ಜೊರೊಆರ್ಕ್ ನನಗೆ ಎಲ್ಲಕ್ಕಿಂತ ಇಷ್ಟ, ಅದರ ಫೌಲ್ ಪ್ಲೇಗೆ ಎರಡು ಎನರ್ಜಿ, ಡಬಲ್ ಕಲರ್‌ಲೆಸ್ ಎನರ್ಜಿ ಒಂದೇ ಅಂಟಿಸಿದ್ರೆ ಆಯ್ತು. ಆ ಕಾಲದಲ್ಲಿ ಎಲ್ಲರೂ ರೆಶಿರಾಮ್ ಆಡ್ತಿದ್ರು, ಅದರ ಬ್ಲೂ ಫ್ಲೇರ್ 120 ಹೊಡೆಯುತ್ತೆ, ಅದರದ್ದೇ ಎಚ್‌ಪಿ 130. ಪ್ಲಸ್‌ಪವರ್ ಒಂದು ಹಾಕಿ 10 ಸೇರಿಸಿದ್ರೆ ರೆಶಿರಾಮ್ ತನ್ನ ಬೆಂಕಿಗೆ ತಾನೇ ಬೂದಿ. ಮುಳ್ಳನ್ನ ಮುಳ್ಳಿಂದ ತೆಗೆಯೋದು ಅಂದ್ರೆ ಅದು.

ನನ್ನ ಡೆಕ್‌ಗೆ ಎಷ್ಟು ಮ್ಯೂ ಹಾಕಲಿ?

ಹೆಚ್ಚಿನ ಡೆಕ್‌ಗೆ ಒಂದು ಸಾಕು. ಬೆಂಚ್ ಮೇಲೆ ಕೂತ 180 ಎಚ್‌ಪಿ ಇಎಕ್ಸ್ ಅಂದ್ರೆ ಎದುರಾಳಿಗೆ 2 ಪ್ರೈಜ್ (ನಾಕೌಟ್ ಮಾಡಿದವರು ತಗೊಳ್ಳೋ ಕಾರ್ಡ್, ತಮ್ಮ 6ನ್ನೂ ಮೊದಲು ತಗೊಂಡವರು ಗೆದ್ದ ಹಾಗೆ) ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ, ಎರಡೆರಡು ಇಳಿಸಿದ್ರೆ ಸೋಲೋಕೆ ನಾವೇ ದಾರಿ ಮಾಡಿದ ಹಾಗೆ. ಒಂದೇ ಹಾಕಿದ್ರೆ ಇರೋ ತೊಂದರೆ ಅಂದ್ರೆ 60 ಕಾರ್ಡ್‌ನಲ್ಲಿ 6 ಪ್ರೈಜ್‌ಗೆ ಹೋಗುತ್ತೆ, ಹಾಗಾಗಿ ಹತ್ತು ಆಟದಲ್ಲಿ ಸುಮಾರು ಒಂದರಲ್ಲಿ ಮ್ಯೂ ಪ್ರೈಜ್‌ನಲ್ಲಿ ಸಿಕ್ಕಿಹಾಕ್ಕೊಂಡಿರುತ್ತೆ. ಅದಕ್ಕೆ ಮ್ಯೂ ಇಲ್ದೇನೂ ಗೆಲ್ಲೋ ಹಾಗೆ ಡೆಕ್ ಕಟ್ಟಿ, ಮ್ಯೂನ ನಂಬ್ಕೊಂಡು ಕಟ್ಟಬೇಡಿ.

ಸ್ಟ್ಯಾಂಡರ್ಡ್‌ನಲ್ಲಿ (ಇತ್ತೀಚಿನ ಕಾರ್ಡ್ ಮಾತ್ರ ನಡೆಯೋ ಆಟದ ಮಾದರಿ) ಆಡಬಹುದಾ ಅಂತ ಹೇಗೆ ಗೊತ್ತಾಗುತ್ತೆ?

ಕಾರ್ಡ್‌ನ ಕೆಳಗೆ ಎಡಗಡೆ ಮೂಲೆಯಲ್ಲಿ ಚಿಕ್ಕದಾಗಿ ಒಂದು ಇಂಗ್ಲಿಷ್ ಅಕ್ಷರ ಇರುತ್ತೆ, ಅದೇ ರೆಗ್ಯುಲೇಷನ್ ಮಾರ್ಕ್. ಮ್ಯೂ ಇಎಕ್ಸ್‌ದು ಜಿ. ಟೂರ್ನಮೆಂಟ್‌ಗೆ ಹೋಗೋ ಮುಂಚೆ ಆ ಸೀಸನ್‌ಗೆ ಯಾವ ಅಕ್ಷರ ನಡೆಯುತ್ತೆ ನೋಡ್ಕೊಳ್ಳಿ. ಕೆಳಗಿನ ಉತ್ತರಗಳಲ್ಲಿ ಬರೋ ಗಿರಟಿನಾ ವಿಸ್ಟಾರ್, ರೆಜಿಡ್ರಾಗೊ ವಿಸ್ಟಾರ್, ಡಬಲ್ ಟರ್ಬೊ ಎನರ್ಜಿ ಎಲ್ಲ ಎಫ್ ಮಾರ್ಕ್‌ನವು, ಏಪ್ರಿಲ್ 2025ರಲ್ಲಿ ಸ್ಟ್ಯಾಂಡರ್ಡ್‌ನಿಂದ ಹೊರಗೆ ಹೋದ್ವು, ಹಳೇ ಕಾರ್ಡೂ ನಡೆಯೋ ಎಕ್ಸ್‌ಪ್ಯಾಂಡೆಡ್‌ನಲ್ಲಿ ಆಡೋಕೆ ಅಡ್ಡಿ ಇಲ್ಲ. ಲೆಕ್ಕ ಕಲಿಯೋಕೆ ಅವು ಒಳ್ಳೆ ಉದಾಹರಣೆ, ಅದಕ್ಕೇ ಬಿಟ್ಟಿಲ್ಲ.

## ಆಟ ಗೊತ್ತು, ಲೆಕ್ಕ ತಪ್ತಾ ಇದೆ ಅನ್ನೋರಿಗೆ

ಯಾರ ಎದುರಿಗೆ ಮ್ಯೂ ಇಳಿಸಿದ್ರೆ ಲಾಭ, ಒಂದು ಸುಲಭದ ಲೆಕ್ಕ ಹೇಳಿ

ಒಂದೇ ಪ್ರಶ್ನೆ ಕೇಳ್ಕೊಳ್ಳಿ, ಎದುರಿನದು ತನ್ನ ಅಟ್ಯಾಕ್‌ನಿಂದ ತಾನೇ ಸಾಯುತ್ತಾ? ಯಾಕಂದ್ರೆ ಜೀನೋಮ್ ಹ್ಯಾಕಿಂಗ್‌ನಲ್ಲಿ ಯಾರಿಂದ ಕದೀತೀವೋ ಅವರಿಗೇ ಹೊಡೀತೀವಿ, ಕದಿಯೋದು ಒಬ್ಬರಿಂದ ಹೊಡೆಯೋದು ಇನ್ನೊಬ್ಬರಿಗೆ ಅನ್ನೋದು ಇಲ್ಲಿ ಇಲ್ಲ. ಇದನ್ನ ತಲೇಲಿ ಇಟ್ಕೊಂಡ್ರೆ ಅರ್ಧ ಕೆಲಸ ಮುಗೀತು.

ಮಿರೈಡಾನ್ ಇಎಕ್ಸ್ ತಗೊಳ್ಳಿ, ಎಚ್‌ಪಿ 220, ಫೋಟಾನ್ ಬ್ಲಾಸ್ಟರ್ 220, ಸರಿಯಾಗಿ ಸಾಯುತ್ತೆ. ಗಿರಟಿನಾ ವಿಸ್ಟಾರ್ ಎಚ್‌ಪಿ 280, ಲಾಸ್ಟ್ ಇಂಪ್ಯಾಕ್ಟ್ 280, ಅದೂ ಸಾಯುತ್ತೆ. ಇನ್ನೊಂದು ಕಡೆ ಐರನ್ ಹ್ಯಾಂಡ್ಸ್ ಇಎಕ್ಸ್ ನೋಡಿ, ಎಚ್‌ಪಿ 230, ಅದರ ದೊಡ್ಡ ಹೊಡೆತಾನೇ 160. ಅಂಥದ್ದರ ಎದುರಿಗೆ ಮೊದಲ ಏಟಿಗೇ ಮ್ಯೂ ಕಳಿಸಿದ್ರೆ ಸುಮ್ನೆ 2 ಪ್ರೈಜ್ ದಾನ. ಗಾರ್ಡೆವಾರ್ ಇಎಕ್ಸ್‌ನೂ ಅಷ್ಟೇ, 310 ಎಚ್‌ಪಿ ಇಟ್ಕೊಂಡು 190 ಹೊಡೆಯುತ್ತೆ.

ಚಾರಿಜಾರ್ಡ್ ಇಎಕ್ಸ್‌ನ ಕಾಪಿ ಮಾಡಿದ್ರೆ ಯಾರ ಪ್ರೈಜ್ ಎಣಿಸಬೇಕು?

ಅದರ ಬರ್ನಿಂಗ್ ಡಾರ್ಕ್‌ನೆಸ್ 180 ಹೊಡೆಯುತ್ತೆ, ಹೊಡೆಯೋರ ಎದುರಾಳಿ ಎಷ್ಟು ಪ್ರೈಜ್ ತಗೊಂಡಿದ್ದಾರೋ ಒಂದೊಂದಕ್ಕೂ 30 ಜಾಸ್ತಿ. ಕಾಪಿ ಮಾಡಿದಾಗ ಹೊಡೆಯೋರು ನೀವು, ಹಾಗಾಗಿ ಎಣಿಸೋದು ಚಾರಿಜಾರ್ಡ್ ಇಟ್ಟವರು ತಗೊಂಡ ಪ್ರೈಜ್‌ನ. ಅದರ ಎಚ್‌ಪಿ 330, ಅವರು 5 ತಗೊಂಡಿದ್ರೆ 180 ಜೊತೆ 150, ಕೂಡಿದ್ರೆ ಸರಿಯಾಗಿ 330. ಅಂದ್ರೆ ಇನ್ನೊಂದೇ ಪ್ರೈಜ್ ಅಂತ ಅವರು ನಗ್ತಾ ಕೂತಿರೋ ಟರ್ನ್‌ನಲ್ಲೇ ಅವರ ಬಾಣ ತಿರುಗುಬಾಣ ಆಗೋದು. 4 ತಗೊಂಡಿದ್ರೆ 300ಕ್ಕೆ ನಿಲ್ಲುತ್ತೆ, 30 ಉಳಿಯುತ್ತೆ, ಆ 30ನ ಮೊದಲೇ ಎಲ್ಲಾದ್ರೂ ಸವೆಸಿ ಇಟ್ಟಿದ್ರೆ ಮಾತ್ರ ಕೆಲಸ ಆಗುತ್ತೆ.

ಡಬಲ್ ಟರ್ಬೊ ಹಾಕಿದೆ, ಗಿರಟಿನಾ ಸಾಯಲೇ ಇಲ್ಲ, ಯಾಕೆ?

ಈ ತಪ್ಪು ನಾನೂ ಮಾಡಿದ್ದೀನಿ, ಅದೂ ಗೆಲ್ಲೋ ಟರ್ನ್‌ನಲ್ಲಿ, ಎದುರಿದ್ದವರು ಪಾಪ ಅಂತ ನೋಡಿದ್ರು. ಡಬಲ್ ಟರ್ಬೊ ಎರಡು ಎನರ್ಜಿ ಕೊಡುತ್ತೆ, ಬದಲಿಗೆ 20 ಡ್ಯಾಮೇಜ್ ಕಿತ್ಕೊಳ್ಳುತ್ತೆ. 280 ಇದ್ದದ್ದು 260 ಆಯ್ತು, ಗಿರಟಿನಾಗೆ 20 ಎಚ್‌ಪಿ ಉಳೀತು. ಮೇಲಿನ ಉದಾಹರಣೆಗಳಲ್ಲಿ ಕೂದಲೆಳೆ ಲೆಕ್ಕದಲ್ಲಿ ಸಾಯೋವೆಲ್ಲ ಡಬಲ್ ಟರ್ಬೊ ಇದ್ರೆ ಬದುಕ್ಕೊಳ್ತವೆ, ಮಿರೈಡಾನ್‌ಗೆ 200, ಚಾರಿಜಾರ್ಡ್‌ಗೆ 310.

ಗಿರಟಿನಾ ವಿಸ್ಟಾರ್ ಆದ್ರೆ ದಾರಿ ಇದೆ, ಚಾಯ್ಸ್ ಬೆಲ್ಟ್ ಕಟ್ಟಿ. ಪೋಕೆಮಾನ್ ವಿ (ವಿಸ್ಟಾರೂ ಸೇರಿ) ಮೇಲೆ 30 ಜಾಸ್ತಿ ಕೊಡುತ್ತೆ, 290 ಆಗುತ್ತೆ, ಸಾಯುತ್ತೆ. ಇಎಕ್ಸ್‌ಗಳ ಮೇಲೆ ಆ ಬೆಲ್ಟ್ ನಡೆಯಲ್ಲ.

ಮೂರು ಎನರ್ಜಿ ಹಾಕೋಷ್ಟರಲ್ಲಿ ಆಟಾನೇ ಮುಗಿದು ಹೋಗುತ್ತೆ, ಏನ್ ಮಾಡೋದು?

ಟರ್ನ್‌ಗೆ ಒಂದೊಂದು ಹಾಕ್ತಾ ಕೂತ್ರೆ ಮುಗಿದೇ ಹೋಗುತ್ತೆ, ಜೊತೆಗೆ ಎದುರಾಳಿ ಎರಡನೇ ಎನರ್ಜಿ ನೋಡಿದ ಕೂಡ್ಲೇ ಬಾಸಸ್ ಆರ್ಡರ್ಸ್ ಹಾಕಿ ಮ್ಯೂನ ಎಳೆದು ಹೊಡೀತಾರೆ. ಮ್ಯೂಗೆ ಎನರ್ಜಿ ಒಂದೇ ಟರ್ನ್‌ನಲ್ಲಿ ದಢಾರ್ ಅಂತ ಬರಬೇಕು.

ನಾನು ಕಂಡ ಹಾಗೆ ಇದಕ್ಕೆ ಗಾರ್ಡೆವಾರ್ ಇಎಕ್ಸ್ ಡೆಕ್‌ನಷ್ಟು ಹೊಂದೋದು ಇನ್ನೊಂದಿಲ್ಲ. ಅದರ ಸೈಕಿಕ್ ಎಂಬ್ರೇಸ್ ಡಿಸ್ಕಾರ್ಡ್‌ನಲ್ಲಿರೋ (ಬಿಸಾಕಿದ ಕಾರ್ಡ್‌ಗಳ ರಾಶಿಯಲ್ಲಿರೋ) ಬೇಸಿಕ್ ಸೈಕಿಕ್ ಎನರ್ಜಿನ ಸೈಕಿಕ್ ಪೋಕೆಮಾನ್‌ಗೆ ಎಷ್ಟು ಸಲ ಬೇಕಾದ್ರೂ ಅಂಟಿಸುತ್ತೆ, ಒಂದೊಂದು ಸಲಕ್ಕೂ 2 ಡ್ಯಾಮೇಜ್ ಕೌಂಟರ್ (ಒಂದೊಂದೂ 10 ಡ್ಯಾಮೇಜ್) ಬೀಳುತ್ತೆ. ಮೂರು ಸಲ ಅಂದ್ರೆ 60, ಮ್ಯೂಗೆ 120 ಉಳಿಯುತ್ತೆ. ಬೆಂಚ್‌ನಲ್ಲಿ ಬರಿಗೈಲಿ ಕೂತಿದ್ದ ಮ್ಯೂ ಅದೇ ಟರ್ನ್ ಎದ್ದು ಹೊಡೆಯುತ್ತೆ, ಎದುರಾಳಿಗೆ ಮುನ್ಸೂಚನೆನೇ ಇರಲ್ಲ. ಗಾರ್ಡೆವಾರ್ ಇಲ್ಲದ ಡೆಕ್‌ನಲ್ಲಿ ಒಂದನ್ನ ಕೈಯಿಂದ ಹಾಕಿ, ಉಳಿದದ್ದನ್ನ ಎನರ್ಜಿ ಸ್ವಿಚ್‌ನಿಂದ ಬೇರೆ ಪೋಕೆಮಾನ್ ಮೇಲಿಂದ ಎಳ್ಕೊಳ್ಳಿ. ಯಾವ ಬಣ್ಣ ಆದ್ರೂ ನಡೆಯುತ್ತೆ ಅನ್ನೋದೇ ಇಲ್ಲಿ ಅನುಕೂಲ.

ವೀಕ್‌ನೆಸ್ ಯಾರ ಟೈಪ್ ನೋಡಿ ಲೆಕ್ಕ ಹಾಕೋದು?

ಹೊಡೆಯೋ ಮ್ಯೂದು. ಅಟ್ಯಾಕ್ ಎಲ್ಲಿಂದ ಬಂತು ಅನ್ನೋದು ಮುಖ್ಯ ಅಲ್ಲ, ಸೈಕಿಕ್ ಪೋಕೆಮಾನ್ ಹೊಡೀತು ಅಂತಾನೇ ಲೆಕ್ಕ. ಕೊರೈಡಾನ್ ಇಎಕ್ಸ್ ಸೈಕಿಕ್‌ಗೆ ವೀಕ್, ಅಂದ್ರೆ ಡ್ಯಾಮೇಜ್ ಎರಡರಷ್ಟು, ಅದರ ವೈಲ್ಡ್ ಇಂಪ್ಯಾಕ್ಟ್ 220 ಮ್ಯೂ ಕೈಯಲ್ಲಿ 440 ಆಗುತ್ತೆ, ಪಾಪ ಅದಕ್ಕಿರೋದು 230. ಇಂಥ ಕಡೆ ಡಬಲ್ ಟರ್ಬೊ 20 ತಿಂದ್ರೂ ಚಿಂತೆ ಇಲ್ಲ.

## ಒಳಸುಳಿ ಬೇಕು ಅನ್ನೋರಿಗೆ

ಎನರ್ಜಿ ಡಿಸ್ಕಾರ್ಡ್ ಮಾಡು ಅಂತ ಇದ್ರೆ ನಾನೂ ಮಾಡ್ಬೇಕಾ, ನನ್ನ ಹತ್ರ ಆ ಬಣ್ಣ ಇಲ್ಲ ಅಂದ್ರೆ?

ಮಾಡಬೇಕು, ಇದ್ದಷ್ಟು. ಅಟ್ಯಾಕ್‌ನ ಒಳಗೆ ಬರೆದಿರೋ ಎಲ್ಲಾ ಕೆಲಸಾನೂ ಕಾಪಿ ಮಾಡಿದೋರ ತಲೆ ಮೇಲೆ, ಆದ್ರೆ ಇಲ್ಲದ್ದನ್ನ ಎಲ್ಲಿಂದ ತರೋದು, ಆ ಬಣ್ಣ ಇಲ್ದಿದ್ರೆ ಡಿಸ್ಕಾರ್ಡ್ ಆಗಲ್ಲ, ಡ್ಯಾಮೇಜ್ ಮಾತ್ರ ಹೋಗುತ್ತೆ. ಹಳೇ ಜೊರೊಆರ್ಕ್ ಬ್ಲೂ ಫ್ಲೇರ್ ಹೊಡೆದಾಗ ಮಜಾ ಇದ್ದಿದ್ದೇ ಇಲ್ಲಿ, ರೆಶಿರಾಮ್ 2 ಫೈರ್ ಎನರ್ಜಿ ಕಳ್ಕೋಬೇಕು, ಜೊರೊಆರ್ಕ್ ಮೇಲೆ ಫೈರೇ ಇಲ್ಲ, ಡಬಲ್ ಕಲರ್‌ಲೆಸ್ ಹಾಗೇ ಕೂತಿರುತ್ತೆ. "ಮಾಡೋಕೆ ಆಗದಿದ್ರೆ ಈ ಅಟ್ಯಾಕ್ ಏನೂ ಮಾಡಲ್ಲ" ಅಂತ ಬರೆದಿರೋ ಕಾರ್ಡ್‌ಗಳು ಬೇರೆ, ಅಲ್ಲಿ ಈ ಆಟ ನಡೆಯಲ್ಲ. ಗಿರಟಿನಾ ಲಾಸ್ಟ್ ಇಂಪ್ಯಾಕ್ಟ್‌ನಲ್ಲಿ ಬಣ್ಣ ಕೇಳಲ್ಲ, ನಿಮ್ಮ ಪೋಕೆಮಾನ್‌ಗಳ ಮೇಲಿರೋ ಯಾವುದಾದ್ರೂ 2 ಎನರ್ಜಿ ಲಾಸ್ಟ್ ಝೋನ್‌ಗೆ (ಹೋದ ಕಾರ್ಡ್ ಆಟಕ್ಕೆ ವಾಪಸ್ ಬರದ ಜಾಗ) ಹೋಗಲೇಬೇಕು, ಆದ್ರೆ ಬೆಂಚ್ ಮೇಲಿಂದಾನೂ ಕೊಡಬಹುದು, ಮ್ಯೂ ಮೇಲಿನದ್ದೇ ಆಗಬೇಕಂತಿಲ್ಲ.

ರೇಜಿಂಗ್ ಬೋಲ್ಟ್‌ನ ಕಾಪಿ ಮಾಡೋದು ಲಾಭಾನಾ?

ನಿಮ್ಮ ಕಡೆ ಎಷ್ಟು ಬೇಸಿಕ್ ಎನರ್ಜಿ ಬಿದ್ದಿದೆ ಅನ್ನೋದರ ಮೇಲೆ ಹೋಗುತ್ತೆ. ಬೆಲ್ಲೋಯಿಂಗ್ ಥಂಡರ್‌ಗೆ ನಿಮ್ಮ ಪೋಕೆಮಾನ್‌ಗಳ ಮೇಲಿರೋ ಬೇಸಿಕ್ ಎನರ್ಜಿ ಎಷ್ಟು ಬೇಕಾದ್ರೂ ತೆಗೆದು ಬಿಸಾಕಬಹುದು, ಒಂದೊಂದಕ್ಕೂ 70. ರೇಜಿಂಗ್ ಬೋಲ್ಟ್ ಇಎಕ್ಸ್ ಎಚ್‌ಪಿ 240. ಮ್ಯೂ ಮೇಲಿರೋ ಮೂರೂ ಕೊಟ್ರೆ 210, ಸಾಲಲ್ಲ, ಬೆಂಚ್‌ನಲ್ಲಿ ಇನ್ನೊಂದು ಇದ್ರೆ 280, ಆಗುತ್ತೆ. ಡಬಲ್ ಟರ್ಬೊ ಸ್ಪೆಷಲ್ ಎನರ್ಜಿ, ಅದನ್ನ ಇಲ್ಲಿ ಎಣಿಸೋ ಹಾಗಿಲ್ಲ, ಮೇಲಿಂದ 20 ಬೇರೆ ಕಮ್ಮಿ. ಹೊಡೆದಾದ ಮೇಲೆ ನಿಮ್ಮ ಟೇಬಲ್ ಬೋಳು ಬೋಳಾಗಿರುತ್ತೆ, ಮುಂದಿನ ಟರ್ನ್‌ಗೆ ಏನು ಅಂತ ಯೋಚನೆ ಮಾಡಿಯೇ ಕೈ ಹಾಕಿ.

"ಮುಂದಿನ ಟರ್ನ್ ಈ ಪೋಕೆಮಾನ್ ಅಟ್ಯಾಕ್ ಮಾಡೋ ಹಾಗಿಲ್ಲ" ಅನ್ನೋದು ಮ್ಯೂಗೂ ಅಂಟ್ಕೊಳ್ಳುತ್ತಾ?

ಅಂಟ್ಕೊಳ್ಳುತ್ತೆ. "ಈ ಪೋಕೆಮಾನ್" ಅಂದ್ರೆ ಆಗ ಹೊಡೀತಿರೋದು, ಅಂದ್ರೆ ಮ್ಯೂ. ಫೋಟಾನ್ ಬ್ಲಾಸ್ಟರ್‌ನಲ್ಲಿ ಇದೇ ಷರತ್ತು ಇದೆ. ಆದ್ರೆ ಅಟ್ಯಾಕ್‌ನಿಂದ ಅಂಟಿದ್ದು ಬೆಂಚ್‌ಗೆ ಹೋದ ಕೂಡ್ಲೇ ಬಿಟ್ಟು ಹೋಗುತ್ತೆ, ಮ್ಯೂಗೆ ರಿಟ್ರೀಟ್ ಪುಕ್ಕಟೆ. ಮೊದಲು ರಿಟ್ರೀಟ್ ಮಾಡಿ, ಆಮೇಲೆ ಸ್ವಿಚ್ ಕಾರ್ಡ್ ಹಾಕಿ ಮತ್ತೆ ಮುಂದಕ್ಕೆ ತನ್ನಿ, ಹೊಡೀರಿ. ಟರ್ನ್‌ಗೆ ಒಂದೇ ರಿಟ್ರೀಟ್ ಅನ್ನೋದು ಮರೀಬೇಡಿ, ಅದಕ್ಕೇ ಸ್ವಿಚ್ ಕೈಯಲ್ಲಿ ಉಳಿಸ್ಕೊಂಡಿರಬೇಕು. ಇದನ್ನ ಮೊದಲ ಸಲ ನೋಡಿದೋರು ಮೋಸ ಅಂತಾರೆ, ರೂಲ್ ಪ್ರಕಾರ ಸರಿಯಾಗೇ ಇದೆ.

ರೋರಿಂಗ್ ಮೂನ್ ಎದುರಿಗೆ ಮ್ಯೂ ಕಳಿಸಿದ್ರೆ ಇಬ್ಬರೂ ಸಾಯ್ತಾರಂತೆ, ಹೌದಾ?

ಹೌದು. ಫ್ರೆಂಜೀಡ್ ಗೌಜಿಂಗ್ ಎದುರಿನ ಆಕ್ಟಿವ್‌ನ ನೇರವಾಗಿ ನಾಕೌಟ್ ಮಾಡುತ್ತೆ, ಹಾಗೆ ನಾಕೌಟ್ ಆದ್ರೆ ಹೊಡೆದವರಿಗೆ 200 ಡ್ಯಾಮೇಜ್. ರೋರಿಂಗ್ ಮೂನ್ ಇಎಕ್ಸ್‌ಗೆ 230 ಎಚ್‌ಪಿ ಇರೋದ್ರಿಂದ ಅದು ಹೊಡೆದಾಗ ಬದುಕ್ಕೊಳ್ಳುತ್ತೆ, ಮ್ಯೂಗೆ 180 ಅಷ್ಟೇ, ಹೋಗುತ್ತೆ. ಎರಡು ಕಡೆಗೂ 2 ಪ್ರೈಜ್. ಹಾವೂ ಸಾಯ್ತು, ಕೋಲೂ ಮುರೀತು.

ಹಾಗಂತ ಮಾಡಲೇಬಾರದು ಅಂತಲ್ಲ. ನಿಮಗೆ 2 ಪ್ರೈಜ್ ಬಾಕಿ, ಅವರಿಗೆ 3 ಅಥವಾ ಜಾಸ್ತಿ, ನಿಮ್ಮ ಬೆಂಚ್‌ನಲ್ಲಿ ಇನ್ನೊಂದು ಪೋಕೆಮಾನ್ ಇದೆ ಅಂದ್ರೆ ಕಣ್ಣು ಮುಚ್ಚಿ ಹೊಡೀರಿ, ಗೆದ್ರಿ. ಇಬ್ಬರಿಗೂ 2 ಬಾಕಿ ಇದ್ರೆ ಇಬ್ಬರೂ ಒಟ್ಟಿಗೆ ಕೊನೆಯ ಪ್ರೈಜ್ ತಗೊಂಡ ಹಾಗಾಗಿ ಸಡನ್ ಡೆತ್‌ಗೆ (ಗೆದ್ದೋರು ಯಾರು ಅಂತ ತೀರ್ಮಾನಿಸೋ ಚಿಕ್ಕ ಆಟ) ಹೋಗುತ್ತೆ. ಅದರ ಇನ್ನೊಂದು ಅಟ್ಯಾಕ್ ಕಲಾಮಿಟಿ ಸ್ಟಾರ್ಮ್ ಇದೆಯಲ್ಲ, 100 ಹೊಡೆದು ಟೇಬಲ್ ಮೇಲಿರೋ ಸ್ಟೇಡಿಯಂ ಕಾರ್ಡ್ ಬಿಸಾಕಿದ್ರೆ 120 ಜಾಸ್ತಿ, ಒಟ್ಟು 220. ಹತ್ತು ಕಮ್ಮಿ! ಆದ್ರೆ ಮೊದಲೇ ಒಂದೇ ಒಂದು ಕೌಂಟರ್ ಬಿದ್ದಿದ್ರೆ ಮ್ಯೂ ಸಾಯದೇನೇ ಕೆಲಸ ಆಗುತ್ತೆ, ಇದನ್ನ ಮೊದಲು ನೋಡಿ ಆಮೇಲೆ ಗೌಜಿಂಗ್‌ಗೆ ಹೋಗಿ.

ನಾಕೌಟ್ ಆಗದಿದ್ರೂ ಕಾಪಿ ಹೊಡೆಯೋದರಲ್ಲಿ ಅರ್ಥ ಇದೆಯಾ?

ಕೆಲವು ಕಡೆ ಇದೆ. ಡ್ರಾಗಾಪಲ್ಟ್ ಇಎಕ್ಸ್ ಎಚ್‌ಪಿ 320, ಫ್ಯಾಂಟಮ್ ಡೈವ್ 200, ಸಾಯಲ್ಲ. ಆದ್ರೆ ಜೊತೆಗೆ ಬೆಂಚ್ ಮೇಲೆ 6 ಡ್ಯಾಮೇಜ್ ಕೌಂಟರ್ ಇಷ್ಟ ಬಂದ ಹಾಗೆ ಹಂಚಬಹುದು. ಹಿಂದೆ ಕೂತಿರೋ ಡ್ರೀಪಿಗೆ ಎಚ್‌ಪಿ 70, ಡ್ರಾಕ್ಲೋಕ್‌ಗೆ 90. ಒಂದು ಕೌಂಟರ್ ಮೊದಲೇ ಬಿದ್ದಿರೋ ಡ್ರೀಪಿ ಹೋಯ್ತು, ಜೊತೆಗೆ ಮುಂದಿರೋ ಡ್ರಾಗಾಪಲ್ಟ್‌ಗೆ ಬರೀ 120 ಉಳೀತು, ಅದು ಮುಂದಿನ ಟರ್ನ್ ಯಾರಾದ್ರೂ ಮುಗಿಸ್ತಾರೆ. ಡ್ರಾಗಾಪಲ್ಟ್ ಇಎಕ್ಸ್ ಥರದ ಟೆರಾ ಪೋಕೆಮಾನ್ ಬೆಂಚ್‌ನಲ್ಲಿ ಅಟ್ಯಾಕ್ ಡ್ಯಾಮೇಜ್ ತಗೊಳಲ್ಲ ಅಂತ ಹೆದರಬೇಡಿ, ಕೌಂಟರ್ ಇಡೋದು ಡ್ಯಾಮೇಜ್ ಅಲ್ಲ, ಬೀಳುತ್ತೆ. ಐರನ್ ಹ್ಯಾಂಡ್ಸ್‌ನ ಆಂಪ್ ಯೂ ವೆರಿ ಮಚ್ 120 ಹೊಡೆದು ನಾಕೌಟ್ ಆದ್ರೆ ಒಂದು ಪ್ರೈಜ್ ಜಾಸ್ತಿ ಕೊಡುತ್ತೆ, ಅದಕ್ಕೆ ನಾಲ್ಕು ಎನರ್ಜಿ ಬೇಕು, ಮ್ಯೂಗೆ ಮೂರೇ. ಅದು 120 ಎಚ್‌ಪಿಗೆ ಇಳಿದಾಗ ಮ್ಯೂ ಎದ್ರೆ ಒಂದೇ ಏಟಿಗೆ 3 ಪ್ರೈಜ್.

ಎದುರಿನವರು ಮ್ಯೂ ಇಳಿಸಿದ್ರೆ ನಾನು ಹೇಗೆ ತಪ್ಪಿಸ್ಕೊಳ್ಳಲಿ?

ಅಟ್ಯಾಕ್ ಮುಗಿದ ಮೇಲೆ ಮುಂದೆ ಯಾರು ನಿಂತಿರ್ತಾರೋ ಅವರ ಅಟ್ಯಾಕೇ ಕಳ್ಳತನಕ್ಕೆ ಸಿಗೋದು. ಒಂದು ಪ್ರೈಜ್‌ನ ಪೋಕೆಮಾನ್‌ನಿಂದ ಹೊಡೆದು ಬಿಟ್ಟುಬಿಡಿ, ಕದ್ದರೂ ಒಂದೇ ಪ್ರೈಜ್. ಪಾಲ್ಡಿಯಾ ಇವಾಲ್ವ್ಡ್‌ನ ಮಿಮಿಕ್ಯೂ ಮುಂದೆ ನಿಲ್ಲಿಸಿದ್ರೂ ಆಯ್ತು, ಅದರ ಸೇಫ್‌ಗಾರ್ಡ್ ಇಎಕ್ಸ್ ಮತ್ತೆ ವಿ ಕೊಡೋ ಡ್ಯಾಮೇಜ್‌ನೆಲ್ಲ ತಡೆಯುತ್ತೆ, ಯಾವ ಅಟ್ಯಾಕ್ ಕದ್ದರೂ ಮ್ಯೂ ಇಎಕ್ಸೇ ತಾನೆ. ಎಬಿಲಿಟಿ ಬಂದ್ ಮಾಡೋ ಕಾರ್ಡ್ ಹಾಕಿ ನೆಮ್ಮದಿಯಾಗಿ ಕೂತ್ರೆ ಮಾತ್ರ ಕೆಟ್ರಿ, ಅದರಿಂದ ರೀಸ್ಟಾರ್ಟ್ ನಿಲ್ಲುತ್ತೆ, ಜೀನೋಮ್ ಹ್ಯಾಕಿಂಗ್ ಅಟ್ಯಾಕ್, ನಿಲ್ಲಲ್ಲ. ಹಳೇ ಮ್ಯೂ-ಇಎಕ್ಸ್‌ಗೆ ಕಾಪಿನೇ ಎಬಿಲಿಟಿ ಆಗಿದ್ರಿಂದ ಎಬಿಲಿಟಿ ಬಂದ್ ಮಾಡೋ ಗಾರ್ಬೊಡೋರ್ ಒಂದು ಟೂಲ್ ಕಾರ್ಡ್ ಕಟ್ಕೊಂಡು ಬಂದ್ರೆ ಸಾಕಾಗಿತ್ತು.

ನನ್ನದೇ ಅಟ್ಯಾಕ್ ಕಾಪಿ ಮಾಡೋ ಕಾರ್ಡ್‌ಗಳು ಇದಕ್ಕಿಂತ ಒಳ್ಳೇವಲ್ವಾ?

ಡೆಕ್ ಅದರ ಸುತ್ತಾನೇ ಕಟ್ಟೋದಾದ್ರೆ ಹೌದು, ಎದುರಿನವರು ಏನು ತರ್ತಾರೆ ಅಂತ ಕಾಯೋ ಕೆಲಸ ಇರಲ್ಲ. 2021ರ ಮ್ಯೂ ವಿಮ್ಯಾಕ್ಸ್ ಬೆಂಚ್‌ನಲ್ಲಿರೋ ಫ್ಯೂಷನ್ ಸ್ಟ್ರೈಕ್ ಪೋಕೆಮಾನ್‌ದು ಹೊಡೆಯುತ್ತೆ, ರೆಜಿಡ್ರಾಗೊ ವಿಸ್ಟಾರ್ ಡಿಸ್ಕಾರ್ಡ್‌ನಲ್ಲಿರೋ ಡ್ರಾಗನ್‌ಗಳದ್ದು, 2025ರ ಎನ್ಸ್ ಜೊರೊಆರ್ಕ್ ಇಎಕ್ಸ್ ಬೆಂಚ್‌ನಲ್ಲಿರೋ ಹೆಸರಿನ ಮುಂದೆ ಎನ್ಸ್ ಅಂತಿರೋ ಪೋಕೆಮಾನ್‌ಗಳದ್ದು. ಈ ಕೊನೆಯದರಲ್ಲಿ ಒಂದು ಚಂದ ಇದೆ, ಎನ್ಸ್ ರೆಶಿರಾಮ್‌ನ ಪವರ್‌ಫುಲ್ ರೇಜ್ ಹೊಡೆಯೋರ ಮೇಲಿರೋ ಪ್ರತಿ ಕೌಂಟರ್‌ಗೆ 20, ಕಾಪಿ ಮಾಡಿದಾಗ ಎಣಿಸೋದು 280 ಎಚ್‌ಪಿಯ ಜೊರೊಆರ್ಕ್ ಮೇಲಿನ ಕೌಂಟರ್. ಅರ್ಧಂಬರ್ಧ ಹೊಡೆದು ಬಿಟ್ಟವರಿಗೆ ಅದರ ಬಿಸಿ ಗೊತ್ತು. ಆದ್ರೆ ಇವೆಲ್ಲ ಒಂದೊಂದು ಇಡೀ ಡೆಕ್ ಕೇಳ್ತವೆ, ಮ್ಯೂ ಇಎಕ್ಸ್ ಒಂದು ಕಾರ್ಡ್‌ನ ಜಾಗ ಮಾತ್ರ ಕೇಳೋದು.

ಜಿಎಕ್ಸ್ ಅಟ್ಯಾಕ್, ವಿಸ್ಟಾರ್ ಪವರ್ ಇವನ್ನೂ ಕದಿಯಬಹುದಾ?

ಅಟ್ಯಾಕ್ ಆಗಿದ್ರೆ ಕದಿಯಬಹುದು (ವಿಸ್ಟಾರ್ ಪವರ್ ಎಬಿಲಿಟಿ ಆಗಿದ್ರೆ ಆಗಲ್ಲ), ಇವು ಆಟಕ್ಕೆ ಒಂದೇ ಸಲ ಬಳಸೋವು, ನಿಮ್ಮ ಪಾಲಿನದ್ದು ಆಗಲೇ ಖರ್ಚಾಗಿರಬಾರದು ಅಷ್ಟೇ. ಕದ್ದು ಹೊಡೆದ್ರೂ ನಿಮ್ಮ ಆಟದ ಆ ಒಂದು ಸಲ ಮುಗೀತು. ಒಳಗಿನ ಷರತ್ತು ಬೇರೆ ಇರುತ್ತೆ, ಗಿರಟಿನಾದ ಸ್ಟಾರ್ ರಿಕ್ವೀಮ್‌ಗೆ ಲಾಸ್ಟ್ ಝೋನ್‌ನಲ್ಲಿ 10 ಕಾರ್ಡ್ ಇರಬೇಕು, ನಿಮ್ಮ ಲಾಸ್ಟ್ ಝೋನ್‌ನಲ್ಲಿ.

ಪಾಕೆಟ್ ಆಪ್‌ನಲ್ಲಿರೋ (ಫೋನ್‌ನಲ್ಲಿ ಆಡೋ ಪೋಕೆಮಾನ್ ಕಾರ್ಡ್ ಗೇಮ್) ಮ್ಯೂ ಇಎಕ್ಸೂ ಇದೇನಾ?

ಅಟ್ಯಾಕ್ ಅದೇ, ಉಳಿದದ್ದು ಬೇರೆ. ಡಿಸೆಂಬರ್ 2024ರ ಮಿಥಿಕಲ್ ಐಲ್ಯಾಂಡ್‌ನಲ್ಲಿ ಬಂತು, 130 ಎಚ್‌ಪಿ, ರೀಸ್ಟಾರ್ಟ್ ಇಲ್ಲ, ಬದಲಿಗೆ ಒಂದು ಸೈಕಿಕ್ ಎನರ್ಜಿಗೆ 20 ಹೊಡೆಯೋ ಸೈಶಾಟ್ ಇದೆ. ಮ್ಯೂಟೂ ಇಎಕ್ಸ್ ಎದುರಿಗೆ ಲೆಕ್ಕ ಸರಿಯಾಗಿ ಕೂರುತ್ತೆ, 150 ಎಚ್‌ಪಿ, ಸೈಡ್ರೈವ್ 150, ಅವರಿಗೆ ನಾಲ್ಕು ಎನರ್ಜಿ ಬೇಕು ನಿಮಗೆ ಮೂರು, ಮೇಲಿರೋ 2 ಸೈಕಿಕ್ ಎನರ್ಜಿ ಹೋಗುತ್ತೆ. ಪಿಕಾಚು ಇಎಕ್ಸ್ ಎದುರಿಗೆ ಕಳಿಸಬೇಡಿ, ಸರ್ಕಲ್ ಸರ್ಕ್ಯೂಟ್ ಬೆಂಚ್‌ನಲ್ಲಿರೋ ಪ್ರತಿ ಲೈಟ್ನಿಂಗ್ ಪೋಕೆಮಾನ್‌ಗೆ 30, ಎಣಿಸೋದು ನಿಮ್ಮ ಬೆಂಚ್, ಅಲ್ಲಿ ಲೈಟ್ನಿಂಗ್ ಇಲ್ದಿದ್ರೆ ಸೊನ್ನೆ. ಏಟು ತಿಂದ ಮ್ಯೂನ ಬಡ್ಡಿಂಗ್ ಎಕ್ಸ್‌ಪೆಡಿಷನರ್ ಹಾಕಿ ಕೈಗೆ ವಾಪಸ್ ತಗೊಂಡ್ರೆ ಎದುರಾಳಿಗೆ ಹೋಗೋ 2 ಪಾಯಿಂಟ್ (ಅಲ್ಲಿ ಪ್ರೈಜ್ ಬದಲು ಪಾಯಿಂಟ್) ಉಳಿಯುತ್ತೆ, ಎಷ್ಟೋ ಜನ ಇದನ್ನ ಮರೀತಾರೆ.

ಮ್ಯೂ ವಿಮ್ಯಾಕ್ಸ್ ಎದುರಿಗೆ ಬಂದ್ರೆ ಕಾಪಿದೇ ಕಾಪಿ ಆಗುತ್ತಾ?

ಆಗುತ್ತೆ, ಪ್ರಯೋಜನ ಇಲ್ಲ. ಕ್ರಾಸ್ ಫ್ಯೂಷನ್ ಸ್ಟ್ರೈಕ್ ಕದ್ರೆ ಅದು ಹುಡುಕೋದು ನಿಮ್ಮ ಬೆಂಚ್‌ನಲ್ಲಿ, ಅಲ್ಲಿ ಫ್ಯೂಷನ್ ಸ್ಟ್ರೈಕ್ ಪೋಕೆಮಾನ್ ಯಾವುದೂ ಇಲ್ಲ ಅಂದ್ರೆ ಗಾಳಿಗೆ ಗುದ್ದಿದ ಹಾಗೆ. ಅದರ ಮ್ಯಾಕ್ಸ್ ಮಿರಾಕಲ್ ಆರಿಸ್ಕೊಳ್ಳಿ, 130 ಆದ್ರೂ ಬೀಳುತ್ತೆ.